ಅಪ್‌ಡೇಟ್: ಫಾಯಿಲ್ ಬೋರ್ಡ್‌ಗೆ ಕೊನೆಗೂ ನೀರು ಸಿಕ್ಕಿತು

ಕುಶಾಲನಗರದ ಸುತ್ತ ಹೈಡ್ರೋಫಾಯಿಲ್ ಬೋರ್ಡ್‌ನಲ್ಲಿ ವಿಂಡ್‌ಸರ್ಫಿಂಗ್ (ಹಲಗೆ ಮೇಲೆ ನಿಂತು ಹಾಯಿ ಹಿಡಿದು ಗಾಳಿಯಲ್ಲಿ ಸಾಗುವ ಆಟ) ಮಾಡಲು ಒಳ್ಳೆಯ ಜಾಗ ಯಾವುದು ಎಂದು ಇಲ್ಲಿ ಹಿಂದೆ ಕೇಳಿದ್ದೆ. ಈ ಬೋರ್ಡಿನ ಕೆಳಗೆ ಒಂದು ಕಂಬ, ಅದರ ತುದಿಯಲ್ಲಿ ರೆಕ್ಕೆಯಂಥ ಫಾಯಿಲ್ ಇರುತ್ತದೆ; ವೇಗ ಬಂದಾಗ ಅದು ಬೋರ್ಡನ್ನು ನೀರಿನಿಂದ ಮೇಲಕ್ಕೆ ಎತ್ತುತ್ತದೆ. ಹಾರಂಗಿ ಜಲಾಶಯ ಎಂದವರೇ ಜಾಸ್ತಿ. ಹೋಗಿ ವಿಚಾರಿಸಿದೆ. ಅನುಮತಿ ಇಲ್ಲದೆ ನೀರಿಗೆ ಇಳಿಯುವ ಹಾಗಿಲ್ಲ ಎಂದರು. ಗುಡ್ಡಗಳ ನಡುವೆ ಗಾಳಿಯೂ ಒಂದೇ ಸಮ ಬೀಸುವುದಿಲ್ಲ.

ನೀರಿನ ಆಳ ನೋಡಿಕೋ ಎಂದು ಆಗ ಉತ್ತರದಲ್ಲಿ ಎಚ್ಚರಿಸಿದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಬೋರ್ಡಿನ ಕೆಳಗಿನ ಕಂಬವೇ ಸುಮಾರು 80–90 ಸೆಂ.ಮೀ. ಇರುತ್ತದೆ ಅಲ್ವಾ? ಎದೆಮಟ್ಟದ ನೀರಾದರೂ ಬೇಕು. ಮುಳುಗಿದ ಮರದ ಬೊಡ್ಡೆ ತಾಗಿದರೆ ಬೋರ್ಡ್ ಗಕ್ಕನೆ ನಿಂತು, ನಾವು ಮುಂದಕ್ಕೆ ಎಸೆಯಲ್ಪಡುತ್ತೇವೆ. ಕಳೆ ಸಿಕ್ಕಿಕೊಂಡರೂ ಕಷ್ಟವೇ.

ಹಾಗಾಗಿ ಸಂಪಾಜೆ ಘಾಟಿ ಇಳಿದು ಮೂಲ್ಕಿಗೆ ಹೋದೆ. ಶಾಂಭವಿ ನದಿ ಕಡಲು ಸೇರುವ ಕಡೆ, ಉಬ್ಬರದ ಹೊತ್ತು ನೋಡಿಕೊಂಡು ಇಳಿದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬಂತು, ಸುಮಾರು 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.). ಮಾಮೂಲಿ ಬೋರ್ಡ್ ಆಗಿದ್ದರೆ ಅಷ್ಟರಲ್ಲಿ ಸುಮ್ನೆ ತೇಲುತ್ತಿತ್ತು. ಇದು ಮೇಲೆದ್ದಿತು! ಅಲೆ ಬಡಿಯುವ ಸದ್ದೇ ನಿಂತುಹೋಯಿತು. ನನಗೆ ಕಣ್ಣು ತುಂಬಿ ಬಂತು.

ಹೋಗುವವರು ಮಳೆಗಾಲ ಬಿಟ್ಟು ಹೋಗಿ, ಆಗ ಕಡಲು ತುಂಬಾ ಒರಟು. ಹೆಲ್ಮೆಟ್, ಲೈಫ್ ಜಾಕೆಟ್ ಮರೆಯಬೇಡಿ. ಫಾಯಿಲ್‌ನ ಅಂಚು ಕತ್ತಿಯ ಹಾಗಿರುತ್ತದೆ. ಮೀನಿನ ಬಲೆ ಎಲ್ಲಿದೆ ಎಂದು ದೋಣಿಯವರನ್ನು ಮೊದಲೇ ಕೇಳಿಕೊಳ್ಳಿ. ನನಗೆ ಅವರೇ ದಾರಿ ತೋರಿಸಿದ್ದು.