ಒಂದೇ ಕೆಲಸದ ಸಾಧನಗಳ ಕಾಲದಲ್ಲಿ ಸ್ವತಂತ್ರ ತಂತ್ರಾಂಶದಿಂದ ಬಳಕೆದಾರನಿಗೆ ಏನು ಪ್ರಯೋಜನ?

ಪ್ರಶ್ನೆ

ಹಲವು ವರ್ಷಗಳಿಂದ ನನ್ನ ಕಂಪ್ಯೂಟರಿನಲ್ಲಿ ಸ್ವತಂತ್ರ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಮಾತ್ರ ಬಳಸುತ್ತಾ ಬಂದಿದ್ದೇನೆ. ಆದರೆ ಈಗ ದಿನದ ಬಹುಪಾಲು ಕೆಲಸ ಆ ಕಂಪ್ಯೂಟರಿನ ಹೊರಗೆ ನಡೆಯುತ್ತಿದೆ. ಓದುವುದಕ್ಕೆ ಇ-ರೀಡರ್, ಹಾಡು ಕೇಳುವುದಕ್ಕೆ ಸ್ಪೀಕರ್, ನಾಡಿಬಡಿತ ನೋಡುವುದಕ್ಕೆ ವಾಚ್, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಸಾಧನ ಬಂದಿದೆ. ನನ್ನ ತಾಯಿಯವರಿಗೆ ದೃಷ್ಟಿ ಮಂದವಾಗಿದೆ. ಅವರ ಇ-ರೀಡರಿನಲ್ಲಿ ಅಕ್ಷರವನ್ನು ಗರಿಷ್ಠ ಗಾತ್ರಕ್ಕೆ ಏರಿಸಿದರೆ, ಪುಟದ ಅಂಚಿನ ಖಾಲಿ ಜಾಗ ಇದ್ದಷ್ಟೇ ಉಳಿದು, ಸಾಲಿಗೆ ಎರಡು ಮೂರು ಪದಗಳಷ್ಟೇ ಹಿಡಿಯುತ್ತವೆ. ಕಂಪ್ಯೂಟರಿನಲ್ಲಾಗಿದ್ದರೆ ಒಂದು ಸಂಜೆ ಕುಳಿತು ಸರಿಪಡಿಸಿಬಿಡುತ್ತಿದ್ದೆ. ಈ ಇ-ರೀಡರಿನೊಳಗೂ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವೇ ಇದೆ. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಪರವಾನಗಿಯ ಪಠ್ಯ ಪೂರ್ತಿಯಾಗಿ ಇದೆ. ಆದರೂ ನಾನು ಏನನ್ನೂ ಬದಲಿಸಲಾಗುತ್ತಿಲ್ಲ. ಹಾಗಾದರೆ ಸ್ವತಂತ್ರ ತಂತ್ರಾಂಶವು ತಯಾರಕರಿಗೆ ಪುಕ್ಕಟೆಯಾಗಿ ಸಿಗುವ ಕಚ್ಚಾ ಸಾಮಗ್ರಿಯಾಗಿ ಹೋಗಿದೆಯೇ?

ಉತ್ತರ 1

ಸ್ವತಂತ್ರ ತಂತ್ರಾಂಶ ಚಳವಳಿಯ ಆರಂಭದ ಕಥೆಯಲ್ಲೇ ಒಂದು ಪ್ರಿಂಟರ್ ಇದೆ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ಕಾಗದ ಸಿಕ್ಕಿಹಾಕಿಕೊಂಡರೆ ಮುದ್ರಣಕ್ಕೆ ಕಾಯುತ್ತಿರುವವರಿಗೆ ಸೂಚನೆ ಹೋಗುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅವರು ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದರು. ಅನಂತರ ಜೆರಾಕ್ಸ್‌ನ ಲೇಸರ್ ಪ್ರಿಂಟರ್ ಬಂದಾಗ ಅದರ ತಂತ್ರಾಂಶದ ಸೋರ್ಸ್ ಕೋಡ್ (ಮನುಷ್ಯರು ಓದಿ ತಿದ್ದಬಹುದಾದ ಮೂಲರೂಪ) ಸಿಗಲಿಲ್ಲ; ಅದನ್ನು ಹೊಂದಿದ್ದ ಬೇರೆ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಗೋಪ್ಯತೆಯ ಒಪ್ಪಂದದ ಕಾರಣ ಕೊಡಲು ಒಪ್ಪಲಿಲ್ಲ. 1983ರಲ್ಲಿ ಸ್ಟಾಲ್‌ಮನ್ ಅವರು, ಪೂರ್ತಿ ಸ್ವತಂತ್ರವಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ್ದಕ್ಕೆ ಈ ಅನುಭವವೂ ಒಂದು ಕಾರಣ.

ಬಳಕೆದಾರರಿಗೆ ಪ್ರಯೋಜನವಾದ ಉದಾಹರಣೆಯೂ ಇದೆ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರಿನಲ್ಲಿ ಲಿನಕ್ಸ್ ಇರುವುದು 2003ರಲ್ಲಿ ಬೆಳಕಿಗೆ ಬಂದು, ತಂತ್ರಾಂಶ ಹಂಚುವವರು ಅದರ ಸೋರ್ಸ್ ಕೋಡನ್ನೂ ಕೊಡಬೇಕೆನ್ನುವ, ಲಿನಕ್ಸ್‌ನ ಜಿಪಿಎಲ್ ಪರವಾನಗಿಯಂತೆ ಸೋರ್ಸ್ ಕೋಡ್ ಬಿಡುಗಡೆಯಾಯಿತು; ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ, ರೂಟರುಗಳಿಗಾಗಿಯೇ ಇರುವ ಸ್ವತಂತ್ರ ತಂತ್ರಾಂಶ ಹುಟ್ಟಿತು. ನನ್ನ ರೂಟರಿಗೆ ತಯಾರಕರು ಭದ್ರತಾ ಅಪ್‌ಡೇಟ್ ನಿಲ್ಲಿಸಿದಾಗ ಮುಚ್ಚಳ ತೆಗೆದು ನೋಡಿದೆ. ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ರಂಧ್ರಗಳ ಸಾಲಿತ್ತು. ಅದಕ್ಕೆ ಮೂರು ವೈರುಗಳನ್ನು ಬೆಸುಗೆ ಹಾಕಿ, ಸೀರಿಯಲ್ ಅಡಾಪ್ಟರಿನ ಮೂಲಕ ಕಂಪ್ಯೂಟರಿಗೆ ಜೋಡಿಸಿ, ವೇಗವನ್ನು 115200ಕ್ಕೆ ಇಟ್ಟು ಕರೆಂಟ್ ಕೊಟ್ಟ ಕೂಡಲೇ ಲಿನಕ್ಸ್ ಆರಂಭವಾಗುವ ಸಂದೇಶಗಳು ಸಾಲುಸಾಲಾಗಿ ಪರದೆಯ ಮೇಲೆ ಬಂದವು. ಸಾಧನ ಆರಂಭವಾಗುವಾಗ ಮೊದಲು ನಡೆಯುವ ಬೂಟ್‌ಲೋಡರ್, ತಂತ್ರಾಂಶ ತಯಾರಕರದೇ ಎಂದು ಖಚಿತಪಡಿಸುವ ಯಾವ ಡಿಜಿಟಲ್ ಸಹಿಯನ್ನೂ ಕೇಳಲಿಲ್ಲವಾದ್ದರಿಂದ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ. ಅದೇ ರೂಟರ್ ಇಂದಿಗೂ ಕೆಲಸ ಮಾಡುತ್ತಿದೆ.

ಉತ್ತರ 2

ಸಹಿ ಕೇಳಲಿಲ್ಲ ಎಂದು ಮೇಲಿನವರು ಹೇಳಿದ್ದಾರಲ್ಲ, ತಮ್ಮ ಪ್ರಶ್ನೆ ನಿಂತಿರುವುದು ಅದರ ಮೇಲೆಯೇ. ಟಿವೋ ಎಂಬ ಟಿವಿ ರೆಕಾರ್ಡರಿನ ತಯಾರಕರು ಜಿಪಿಎಲ್‌ನಂತೆ ಸೋರ್ಸ್ ಕೋಡನ್ನು ಕೊಟ್ಟಿದ್ದರು. ಆದರೆ ಅದನ್ನು ತಿದ್ದಿ ಮತ್ತೆ ಹಾಕಲು ಹೋದರೆ, ತಯಾರಕರ ಸಹಿ ಇಲ್ಲವೆಂದು ಸಾಧನ ಅದನ್ನು ನಡೆಸುತ್ತಿರಲಿಲ್ಲ. ಓದಲು ಕೋಡ್ ಸಿಕ್ಕಿತು, ತಿದ್ದುವ ಹಕ್ಕು ಕಾಗದದ ಮೇಲೆ ಸಿಕ್ಕಿತು, ಸಾಧನ ಮಾತ್ರ ಕೈಗೆ ಬರಲಿಲ್ಲ. 2007ರಲ್ಲಿ ಬಂದ ಜಿಪಿಎಲ್ ಮೂರನೆಯ ಆವೃತ್ತಿಯು ಈ ಕಾರಣಕ್ಕೇ, ಗೃಹಬಳಕೆಯ ಉತ್ಪನ್ನಗಳನ್ನು ಮಾರುವವರು ತಿದ್ದಿದ ತಂತ್ರಾಂಶವನ್ನು ಅಳವಡಿಸಲು ಬೇಕಾದ ಮಾಹಿತಿಯನ್ನೂ ಕೊಡಬೇಕೆಂದು ವಿಧಿಸಿತು. ಲಿನಕ್ಸ್‌ನ ತಿರುಳಾದ ಕರ್ನಲ್ ಜಿಪಿಎಲ್‌ನ ಎರಡನೆಯ ಆವೃತ್ತಿಯಲ್ಲೇ ಉಳಿಯಿತು, ಹಾಗಾಗಿ ತಮ್ಮ ಇ-ರೀಡರಿನಂಥ ಸಾಧನಗಳಲ್ಲಿ ಬೀಗ ಉಳಿದುಕೊಂಡಿದೆ. ಆದರೆ 1991ರ ಎರಡನೆಯ ಆವೃತ್ತಿಯೂ ಕೋಡನ್ನು ಕಂಪೈಲ್ ಮಾಡುವ (ಸಾಧನ ನಡೆಸಬಲ್ಲ ರೂಪಕ್ಕೆ ತರುವ) ಮತ್ತು ಅಳವಡಿಸುವ ಸ್ಕ್ರಿಪ್ಟುಗಳನ್ನು, ಅಂದರೆ ಆ ಕೆಲಸದ ಆದೇಶಗಳಿರುವ ಕಡತಗಳನ್ನು, ಸೋರ್ಸ್ ಕೋಡಿನ ಭಾಗವೆಂದೇ ಹೇಳುತ್ತದೆ; ಇದನ್ನು ತಯಾರಕರಿಗೆ ನೆನಪಿಸುವವರು ತೀರ ಕಡಿಮೆ. ವಿಜಿಯೊ ಟಿವಿಯ ಕೋಡ್ ಕೇಳಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ 2021ರಲ್ಲಿ ನ್ಯಾಯಾಲಯಕ್ಕೆ ಹೋದದ್ದು ಕೃತಿಸ್ವಾಮ್ಯದ ಒಡೆಯನಾಗಿ ಅಲ್ಲ, ಟಿವಿ ಕೊಂಡ ಗ್ರಾಹಕನಾಗಿ. ಕೊಂಡವರಿಗೇ ಕೇಳುವ ಹಕ್ಕಿದೆ ಎಂಬ ಈ ವಾದ ನನಗೆ ಬಹಳ ಮುಖ್ಯವೆನಿಸುತ್ತದೆ.

ಉತ್ತರ 3

ಎಲ್ಲ ಸಾಧನಗಳನ್ನೂ ಎಲ್ಲರೂ ತಿದ್ದುವಂತಿರಬೇಕೇ ಎಂಬ ಆಕ್ಷೇಪವನ್ನು ತಳ್ಳಿಹಾಕಬಾರದು. ರೂಟರ್ ಕೆಟ್ಟರೆ ಇಂಟರ್ನೆಟ್ ಹೋಗುತ್ತದೆ, ಎದೆಯೊಳಗಿನ ಸಾಧನ ಕೆಟ್ಟರೆ ಪ್ರಾಣವೇ ಹೋಗುತ್ತದೆ. ಆದರೂ ಅದೇ ಕನ್ಸರ್ವೆನ್ಸಿಯ ಮುಖ್ಯಸ್ಥೆ ಕರೆನ್ ಸ್ಯಾಂಡ್ಲರ್ ಅವರ ಅನುಭವವನ್ನು ಗಮನಿಸಿ. ಹೃದಯದ ಕಾಯಿಲೆಯಿಂದಾಗಿ ಅವರ ಎದೆಯಲ್ಲಿ, ಹೃದಯಬಡಿತ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಅಳವಡಿಸಬೇಕಾಗಿ ಬಂದಾಗ ಅದರ ಸೋರ್ಸ್ ಕೋಡ್ ನೋಡಲು ಕೇಳಿದರು, ಸಿಗಲಿಲ್ಲ. ಮುಂದೆ ಗರ್ಭಿಣಿಯಾಗಿದ್ದಾಗ, ಆ ಸ್ಥಿತಿಯಲ್ಲಿ ಸಹಜವಾದ ಹೃದಯಬಡಿತದ ಏರಿಳಿತವನ್ನು ಸಾಧನವು ಅಪಾಯವೆಂದು ತಪ್ಪಾಗಿ ತಿಳಿದು ಅವರಿಗೆ ಅನಗತ್ಯವಾಗಿ ಶಾಕ್ ಕೊಟ್ಟಿತು. ಇಂಥ ಕಡೆ ತಿದ್ದುವ ಮಾತು ಬದಿಗಿರಲಿ, ಸ್ವತಂತ್ರ ಪರಿಣಿತರು ಕೋಡ್ ಓದಿ ದೋಷ ತೋರಿಸುವಷ್ಟಾದರೂ ತೆರೆದಿರಬೇಕು. ಸುರಕ್ಷತೆಯ ಹೆಸರಿನಲ್ಲಿ ಅದನ್ನೂ ಮುಚ್ಚುವುದನ್ನು ನಾನು ಒಪ್ಪಲಾರೆ.

ತಮ್ಮ ತಾಯಿಯವರ ವಿಷಯಕ್ಕೆ ಬಂದರೆ, ಕೆಒರೀಡರ್ ಎಂಬ ಸ್ವತಂತ್ರ ತಂತ್ರಾಂಶವನ್ನು ನೋಡಿ. ಕೋಬೊ, ಕಿಂಡಲ್, ಪಾಕೆಟ್‌ಬುಕ್ ಸಾಧನಗಳಲ್ಲಿ ಅದು ನಡೆಯುತ್ತದೆ; ಅದರಲ್ಲಿ ಅಂಚಿನ ಜಾಗ, ಅಕ್ಷರದ ದಪ್ಪ, ಸಾಲಿನ ಅಂತರ ಎಲ್ಲವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಮಾದರಿಯನ್ನು ನೋಡಿಕೊಂಡು ಮುಂದುವರಿಯಿರಿ, ಏಕೆಂದರೆ ಕೆಲವು ಮಾದರಿಗಳಲ್ಲಿ ಮೊದಲು ಬೀಗ ಬಿಡಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕೆಒರೀಡರನ್ನು ನನ್ನ ಹಳೆಯ ಕೋಬೊದಲ್ಲಿ ಹಾಕಿ, ಅಂಚನ್ನು ಸೊನ್ನೆಗೆ ಇಳಿಸಿ ತಾಯಿಯವರ ಕೈಗೆ ಕೊಟ್ಟೆ. ಅದೇ ಗಾತ್ರದ ಅಕ್ಷರದಲ್ಲಿ ಈಗ ಸಾಲಿಗೆ ಐದು ಪದಗಳು ಬರುತ್ತಿವೆ. ಅವರು ಒಂದು ಅಧ್ಯಾಯವನ್ನು ನಿಲ್ಲಿಸದೆ ಓದಿದರು. ಅವರದೇ ಇ-ರೀಡರಿನ ಪೆಟ್ಟಿಗೆಯಲ್ಲಿ, ಕೇಳಿದವರಿಗೆ ಮೂರು ವರ್ಷದವರೆಗೆ ಸೋರ್ಸ್ ಕೋಡ್ ಕೊಡುವುದಾಗಿ ಬರೆದ ಚೀಟಿ ಸಿಕ್ಕಿತು. ಕೊಂಡು ಎರಡು ವರ್ಷವಾಗಿದೆ. ಅಳವಡಿಸುವ ಸ್ಕ್ರಿಪ್ಟುಗಳನ್ನೂ ಸೇರಿಸಿ ಕೇಳಿ ತಯಾರಕರಿಗೆ ಇಂದು ಪತ್ರ ಬರೆದಿದ್ದೇನೆ. ಬಂದ ಉತ್ತರವನ್ನು ಇಲ್ಲಿಯೇ ಹಾಕುತ್ತೇನೆ.