ಟರ್ನ್: ತಿರುಗು, ಹೊಳ್ಳು, ಪಾಳಿ, ಕಡೆ

ಅನುವಾದ ಮಾಡುವಾಗ ಇಂಗ್ಲಿಷಿನ ‘ಟರ್ನ್’ ಕಂಡಲ್ಲೆಲ್ಲ ‘ತಿರುಗು’ ಬರೆಯುವ ಮೊದಲು ತಿರುಗುವುದು ಏನು, ಹೇಗೆ ಎಂದು ನೋಡಿಕೊಳ್ಳಬೇಕು. ಗಾಲಿ, ಫ್ಯಾನು ತಿರುಗುತ್ತವೆ. ದಾರಿ ಬದಲಿಸುವುದಕ್ಕೆ ಕಲಬುರಗಿ ಕಡೆ ‘ಹೊಳ್ಳು’: ‘ಮುಂದಿನ ಚೌಕದಾಗ ಎಡಕ್ಕ ಹೊಳ್ಳರಿ’. ಇದು ‘ಹೊರಳು’ವಿನ ಆಡುರೂಪ. ‘ಹೊಳ್ಳಿ ಬಾ’ ಅಂದರೆ ಮರಳಿ ಬಾ. ಮೇಲು-ಕೆಳಗು ಮಾಡುವುದಕ್ಕೆ ‘ತಿರುವಿ ಹಾಕು’. ಹಂಚಿನ ಮೇಲಿನ ಜೋಳದ ರೊಟ್ಟಿಗೆ ಸವರಿದ ನೀರು ಪೂರ್ತಿ ಆರುವ ಮೊದಲೇ ತಿರುವಿ ಹಾಕಬೇಕು, ತಡವಾದರೆ ಮೇಲ್ಮೈ ಬಿರಿಯುತ್ತದೆ. ಅಡುಗೆ ಬರಹದಲ್ಲಿ ‘ರೊಟ್ಟಿ ತಿರುಗಿಸಿ’ ಎಂದು ಬರೆದರೆ ಹಂಚಿನ ಮೇಲೆಯೇ ಸುತ್ತಿಸಿದಂತಾದೀತು!

ಇಂಗ್ಲಿಷಿನಲ್ಲಿ ತಾನಾಗಿ ತಿರುಗಿದರೂ ಯಾರೋ ತಿರುಗಿಸಿದರೂ ಒಂದೇ ರೂಪ. ಕನ್ನಡದಲ್ಲಿ ಹಾಗಲ್ಲ: ಕೀಲಿಕೈ ತಿರುಗುತ್ತದೆ, ನಾವು ತಿರುವುತ್ತೇವೆ. ಅನುವಾದ ಎಡವುವುದು ಹೆಚ್ಚಾಗಿ ಇಲ್ಲೇ.

ಸರದಿ ಎಂಬ ಅರ್ಥಕ್ಕೆ ನಮ್ಮಲ್ಲಿ ‘ಪಾಳಿ’. ಶಹಾಬಾದ, ವಾಡಿ, ಸೇಡಂ ಕಡೆಯ ಕಾರ್ಖಾನೆ ಕೆಲಸಗಾರರಿಗೆ ‘ರಾತ್ರಿ ಪಾಳಿ’, ಶಹಾಪುರ, ಸುರಪುರದ ಕಾಲುವೆ ರೈತರಿಗೆ ನೀರಿನ ಪಾಳಿ. ಆದರೆ ‘ಪಾಳಿ ಹಚ್ಚು’ ಎಂದರೆ ಸಾಲಿನಲ್ಲಿ ನಿಲ್ಲುವುದು; ಅಲ್ಲಿ ‘ಟರ್ನ್’ ಅಲ್ಲ, ‘ಕ್ಯೂ’.

‘ಟರ್ನ್’ ಪದದ ಬೇರು ಗ್ರೀಕಿನ ‘ತೋರ್ನೋಸ್’. ಲೇಥ್, ಅಂದರೆ ಮರ-ಲೋಹವನ್ನು ತಿರುಗಿಸುತ್ತ ಹೆರೆದು ಆಕಾರ ಕೊಡುವ ಯಂತ್ರ, ಎಂಬರ್ಥದ ಆ ಪದ ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂತು. ಆ ಮೂಲಾರ್ಥಕ್ಕೆ ಕನ್ನಡದ ಹಳೆಯ ಕ್ರಿಯಾಪದ ‘ಕಡೆ’ ಸರಿಯಾಗಿ ಕೂರುತ್ತದೆ; ಮಜ್ಜಿಗೆ ಕಡೆಯುವುದೂ ಅದೇ. ಬೀದರಿನ ಬಿದರಿ ಕೆಲಸದಲ್ಲಿ ಸತುವು-ತಾಮ್ರವನ್ನು ಸುಮಾರು 16:1ರಲ್ಲಿ ಎರಕ ಹೊಯ್ದ ಮೇಲೆ ದುಂಡನೆಯ ಹೂಜಿಯನ್ನು ಲೇಥಿನಲ್ಲಿ ಕಡೆದು ನುಣುಪು ಮಾಡಬಹುದು, ಚಪ್ಪಟೆ ಡಬ್ಬಿಗೆ ಅರವೇ ಗತಿ. ಇಂಥಲ್ಲಿ ‘ತಿರುಗಿಸಿ’ ಎಂದರೆ ಲೋಹ ಸವೆದು ಆಕಾರ ಬಂದ ಸಂಗತಿಯೇ ಬಿಟ್ಟುಹೋಗುತ್ತದೆ.

ಮೋಟರ್ ವೈಂಡಿಂಗಿನಲ್ಲಿ ‘ಟರ್ನ್’ ಅಂದರೆ ಸುತ್ತು. ಸುತ್ತು ಕಡಿಮೆಯಾದರೆ ಕರೆಂಟು ಹೆಚ್ಚು ಎಳೆದು ಕಾಯಿಲ್ ಕಾಯ್ದು ಸುಡುತ್ತದೆ, ಹಾಗಾಗಿ ಈ ಪದ ತಪ್ಪಿದರೆ ಲೆಕ್ಕವೂ ತಪ್ಪೀತು.

‘ಆಗು’ ಎಂಬ ಅರ್ಥದಲ್ಲಂತೂ ತಿರುಗುವ ಮಾತೇ ಇಲ್ಲ: ನಲವತ್ತು ತುಂಬಿತು, ಹಾಲು ಒಡೆಯಿತು, ಎಲೆ ಹಣ್ಣಾಯಿತು. ‘ಟರ್ನ್ ಆನ್’ಗೆ ಲೈಟ್ ಹಚ್ಚು, ‘ಟರ್ನ್ ಆಫ್’ಗೆ ಬಂದ್ ಮಾಡು. ‘ಟರ್ನ್ ಡೌನ್’ ರೇಡಿಯೊಗಾದರೆ ದನಿ ಕಡಿಮೆ ಮಾಡುವುದು, ಬಂದ ಸಂಬಂಧಕ್ಕಾದರೆ ಒಲ್ಲೆ ಅನ್ನುವುದು.