ಇನ್ವರ್ಟರ್ ಬ್ಯಾಟರಿ ಅರ್ಧ ಗಂಟೆಗೇ ಖಾಲಿ: ನೀರು ಹಾಕಿದರೆ ಸಾಕಾ?

ಪ್ರಶ್ನೆ:
12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್, ಅಂದರೆ ಸಾಮರ್ಥ್ಯ) ಟ್ಯೂಬುಲರ್ ಬ್ಯಾಟರಿ, ನಾಲ್ಕು ವರ್ಷ ಹಳೆಯದು. ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು ಅಷ್ಟೇ ಲೋಡು. ಒಳಗಿನ ನೀರಿನ ಮಟ್ಟ ತೋರಿಸುವ ಫ್ಲೋಟ್‌ಗಳಲ್ಲಿ ಮೂರು ಕೆಂಪು ಗೆರೆಗಿಂತ ಕೆಳಗಿವೆ. ಆರ್‌ಓ ನೀರು ಹಾಕಬಹುದಾ?

ಉತ್ತರ 1:
ಆರ್‌ಓ ನೀರು ಬೇಡವೇ ಬೇಡ. ಅದರಲ್ಲಿ ಉಳಿದಿರುವ ಲವಣ ಬ್ಯಾಟರಿಯೊಳಗಿನ ಸೀಸದ ಪ್ಲೇಟುಗಳನ್ನು ಹಾಳುಮಾಡುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ಡೂ ಹಾಕಬೇಡಿ; ಆವಿಯಾಗಿ ಹೋಗಿರುವುದು ನೀರೇ ಹೊರತು ಆಸಿಡ್ ಅಲ್ಲ. ಮೊದಲು ಪ್ಲೇಟು ಮುಳುಗುವಷ್ಟು ಹಾಕಿ, ಪೂರ್ತಿ ಚಾರ್ಜ್ ಆದಮೇಲೆ ಹಸಿರು ಗೆರೆವರೆಗೆ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರುತ್ತದೆ.

ಉತ್ತರ 2:
ನೀರು ಹಾಕಿದ ತಕ್ಷಣ ಅಳೆಯಬೇಡಿ, ಅದು ಬೆರೆಯಬೇಕು. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಬ್ಯಾಟರಿಯ ಆರೂ ಸೆಲ್‌ಗಳಲ್ಲಿ (ಒಳಗಿನ ಆರು ವಿಭಾಗ) ಹೈಡ್ರೋಮೀಟರ್, ಅಂದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ, ಇಟ್ಟು ನೋಡಿ. ಎಲ್ಲದರಲ್ಲೂ 1.240 ಆಸುಪಾಸು ಬಂದರೆ ಬ್ಯಾಟರಿ ಇನ್ನೂ ಗಟ್ಟಿ. ಐದರಲ್ಲಿ 1.230, ಒಂದರಲ್ಲಿ ಮಾತ್ರ 1.120 ಬಂದರೆ ಆ ಸೆಲ್ ಹೋಗಿದೆ ಅಂತಲೇ ಲೆಕ್ಕ. ನೀರಿಗೆ ದುಡ್ಡು ಸುರಿಯುವುದು ದಂಡ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಹತ್ತಿರ ದೀಪ, ಊದುಬತ್ತಿ ಇರಬಾರದು. ಚಾರ್ಜ್ ಆಗುವಾಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬರುತ್ತದೆ.

ಉತ್ತರ 3:
ಟರ್ಮಿನಲ್ಲನ್ನೂ ನೋಡಿ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಅಲ್ಲೇ ವೋಲ್ಟೇಜ್ ಇಳಿದು ಇನ್ವರ್ಟರ್ ಬೇಗ ಕಟ್ ಆಗುತ್ತದೆ. ಇನ್ವರ್ಟರ್ ಆಫ್ ಮಾಡಿ, ಮೊದಲು ಕಪ್ಪು ವೈರ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಹಳೇ ಬ್ರಷ್ಷಿನಿಂದ ಉಜ್ಜಿ. ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಕೆಟ್ಟಿತು. ಒಣಗಿಸಿ, ನಟ್ ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ.